ಅಂಗಡಿಗೆ ಬೀಗ ಬಿದ್ದಾಗ: ಮಾಲೀಕ–ಬಾಡಿಗೆದಾರರ ಕಲಹದಲ್ಲಿ ಪೊಲೀಸರ ಪಾತ್ರ

ವ್ಯಾಪಾರಸ್ಥರಲ್ಲಿ ಅನೇಕರು ಬಾಡಿಗೆ ಮಳಿಗೆಗಳಲ್ಲಿಯೇ ವ್ಯವಹಾರ ನಡೆಸುತ್ತಾರೆ. ಮಳಿಗೆಯ ಮಾಲೀಕರಲ್ಲಿಯೂ ಹಲವರಿಗೆ ಆ ಬಾಡಿಗೆಯೇ ಜೀವನಾಧಾರ. ಇಬ್ಬರ ಸಂಬಂಧ ಸೌಹಾರ್ದದಿಂದ ಇರುವವರೆಗೆ ಕರಾರು ಪತ್ರವನ್ನು ಯಾರೂ ತೆಗೆದು ನೋಡುವುದಿಲ್ಲ. ಸಂಬಂಧ ಕೆಟ್ಟ ದಿನ ಮಾತು ಬೆಳೆದು, ಬಾಗಿಲಿಗೆ ಬೀಗ ಬಿದ್ದು, ಕೈ ಕೈ ಮಿಲಾಯಿಸುವ ಹಂತ ತಲುಪಿದಾಗ ಇಬ್ಬರೂ ಪೊಲೀಸ್ ಠಾಣೆಯ ಕಡೆ ಧಾವಿಸುತ್ತಾರೆ. ಅಲ್ಲಿ “ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ” ಎಂಬ ಉತ್ತರ ದೊರೆತರೆ ಒಬ್ಬರಿಗೆ ಅಸಮಾಧಾನ; ಪೊಲೀಸರು ಮಧ್ಯೆ ಪ್ರವೇಶಿಸಿದರೆ ಮತ್ತೊಬ್ಬರಿಗೆ ಅಸಮಾಧಾನ. ಇಂತಹ ಸಂದರ್ಭದಲ್ಲಿ ಪೊಲೀಸರು ಏನು ಮಾಡಬೇಕು, ಏನು ಮಾಡುವಂತಿಲ್ಲ, ಹಾಗೂ ಉಭಯ ಪಕ್ಷಗಳೂ ತಮ್ಮ ಹಿತವನ್ನು ಕಾಪಾಡಿಕೊಳ್ಳುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಒಂದು ನಿದರ್ಶನ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ನಿದರ್ಶನವನ್ನು ತೆಗೆದುಕೊಳ್ಳಬಹುದು. ಮೈಸೂರಿನ ಯಾದವಗಿರಿ ರೈಲು ನಿಲ್ದಾಣಕ್ಕೆ ಸಮೀಪದ ಹಳೆಯ ವಸತಿ ಬಡಾವಣೆ. ಆಕಾಶವಾಣಿ ಕೇಂದ್ರ, ಶ್ರೀ ರಾಮಕೃಷ್ಣ ಆಶ್ರಮ, ಈಗ ವಸ್ತುಸಂಗ್ರಹಾಲಯವಾಗಿರುವ ಆರ್.ಕೆ. ನಾರಾಯಣ್ ಅವರ ಮನೆ ಮುಂತಾದವುಗಳಿಂದ ಪರಿಚಿತವಾದ ಪ್ರದೇಶ. ಇಲ್ಲಿನ ಒಂದು ಮನೆಯ ನೆಲ ಅಂತಸ್ತಿನಲ್ಲಿ 400 ಚದರ ಅಡಿಯ ಮಳಿಗೆಯಿದೆ ಎಂದು ಭಾವಿಸೋಣ. ಮಾಲೀಕರು ನಿವೃತ್ತ ನೌಕರರು. ಬಾಡಿಗೆದಾರ ಬೇಕರಿ ತಿನಿಸುಗಳ ವ್ಯಾಪಾರಿ. ಮಾಸಿಕ ಬಾಡಿಗೆ 22,000 ರೂ., ಮುಂಗಡ ಠೇವಣಿ 2,00,000 ರೂ. ಹನ್ನೊಂದು ತಿಂಗಳ ಕರಾರು ಮುಗಿದು ಎರಡು ವರ್ಷಗಳಾದರೂ ಅದನ್ನು ನವೀಕರಿಸಿಲ್ಲ. ಬಾಡಿಗೆ ಕೊಡುವುದು, ಪಡೆಯುವುದು ನಡೆದೇ ಇದೆ. ಈಚೆಗೆ ಮೂರು ತಿಂಗಳ ಬಾಡಿಗೆ ಬಾಕಿ. ಮಾಲೀಕರಿಗೆ ಮಗನ ಚಿಕಿತ್ಸಾಲಯಕ್ಕಾಗಿ ಮಳಿಗೆ ಬೇಕಾಗಿದೆ. ಅನೇಕ ಬಾರಿ ಕೇಳಿದರೂ ಬಾಡಿಗೆದಾರ “ನೋಡೋಣ” ಎನ್ನುತ್ತಾ ಬಂದಿದ್ದಾರೆ.

ಒಂದು ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾಲೀಕರು ಷಟರಿಗೆ ತಮ್ಮದೊಂದು ಬೀಗ ಹಾಕುತ್ತಾರೆ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಬ್ರೆಡ್ಡಿನ ತಟ್ಟೆಗಳೊಡನೆ ಬಂದ ಬಾಡಿಗೆದಾರರು ಬೀಗವನ್ನು ಕಂಡು ಕೂಗಾಡುತ್ತಾರೆ. ಕಬ್ಬಿಣದ ಸಲಾಕೆಯಿಂದ ಅದನ್ನು ಒಡೆಯಲು ಹೊರಡುತ್ತಾರೆ. ಮಾಲೀಕರ ಮಗ ತಡೆದು ತಳ್ಳಿದಾಗ ಬಾಡಿಗೆದಾರರು ಬಿದ್ದು ಮೊಣಕೈಗೆ ಗಾಯವಾಗುತ್ತದೆ. ನೆರೆಯವರೊಬ್ಬರು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಗಸ್ತು ವಾಹನ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಾನೂನು ಹೇಗೆ ನಡೆಯುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಯಾವ ಕಾಯಿದೆ ಅನ್ವಯಿಸುತ್ತದೆ?

ಮೊದಲಿಗೆ ಬಾಡಿಗೆಯ ಸ್ವರೂಪವನ್ನು ಗುರುತಿಸಿಕೊಳ್ಳುವುದು ಅವಶ್ಯಕ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ದಿನಾಂಕ 31-12-2001ರಿಂದ ಜಾರಿಗೆ ಬಂದಿತು. ಈ ಅಧಿನಿಯಮವು ವಾಣಿಜ್ಯ ಉದ್ದೇಶದ ಕಟ್ಟಡಗಳ ಪೈಕಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರದ ಸಣ್ಣ ಮಳಿಗೆಗಳಿಗೆ ಮಾತ್ರ ಅನ್ವಯಿಸುತ್ತದೆ. ನಿದರ್ಶನದ 400 ಚದರ ಅಡಿಯ ಮಳಿಗೆ ಸುಮಾರು 37 ಚದರ ಮೀಟರ್ ಇರುವುದರಿಂದ ಅದು ಈ ಅಧಿನಿಯಮದ ವ್ಯಾಪ್ತಿಯಿಂದ ಹೊರಗುಳಿಯುತ್ತದೆ. ಇಂತಹ ಮಳಿಗೆಗಳಿಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಅನ್ವಯವಾಗುತ್ತದೆ.

ಸದರಿ ಅಧಿನಿಯಮದ 116ನೆಯ ಪ್ರಕರಣದ ಪ್ರಕಾರ ಅವಧಿ ಮುಗಿದ ನಂತರವೂ ಬಾಡಿಗೆದಾರ ಸ್ವಾಧೀನದಲ್ಲಿದ್ದು, ಮಾಲೀಕರು ಬಾಡಿಗೆಯನ್ನು ಸ್ವೀಕರಿಸುತ್ತಾ ಬಂದರೆ, ಬೇರೆ ಕರಾರು ಇಲ್ಲದಿರುವಲ್ಲಿ ವಾಣಿಜ್ಯ ಮಳಿಗೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಇದನ್ನು ಕೊನೆಗೊಳಿಸಲು 106ನೆಯ ಪ್ರಕರಣದ ಮೇರೆಗೆ 15 ದಿನಗಳ ಲಿಖಿತ ನೋಟೀಸು ಬೇಕು. ಕೃಷಿ ಅಥವಾ ತಯಾರಿಕೆಯ ಉದ್ದೇಶದ ಗುತ್ತಿಗೆಗೆ ಈ ಅವಧಿ ಆರು ತಿಂಗಳು. ನೋಟೀಸಿನ ಅವಧಿ ಅದು ತಲುಪಿದ ದಿನದಿಂದ ಆರಂಭವಾಗುತ್ತದೆ. ಆದುದರಿಂದ “ಕರಾರು ಮುಗಿದಿದೆ, ಇನ್ನು ಆತನಿಗೆ ಹಕ್ಕಿಲ್ಲ” ಎಂಬ ಮಾಲೀಕರ ವಾದ ನಿದರ್ಶನದ ಸಂದರ್ಭದಲ್ಲಿ ನಿಲ್ಲುವುದಿಲ್ಲ. ಹಾಗೆಯೇ “ನೋಟೀಸೇ ಕೊಟ್ಟಿಲ್ಲ, ಬಾಡಿಗೆ ಏಕೆ ಕೊಡಲಿ” ಎಂಬ ಬಾಡಿಗೆದಾರರ ವಾದವೂ ನಿಲ್ಲುವುದಿಲ್ಲ.

ಮಾಲೀಕತ್ವ ಬೇರೆ, ಸ್ವಾಧೀನ ಬೇರೆ

ಇಡೀ ವಿಷಯದ ತಿರುಳು ಈ ಭೇದದಲ್ಲಿದೆ. ಕಟ್ಟಡದ ಒಡೆತನ ಮಾಲೀಕರದು. ಅದರ ಸ್ವಾಧೀನಾನುಭವ ಬಾಡಿಗೆದಾರರದು. ಕಾನೂನು ಈ ಎರಡನ್ನೂ ಪ್ರತ್ಯೇಕವಾಗಿ ರಕ್ಷಿಸುತ್ತದೆ. ಪಂಜಾಬಿನ ಧರ್ಮಶಾಲೆಯೊಂದಕ್ಕೆ ಸಂಬಂಧಿಸಿದ ಬಿಷನ್ ದಾಸ್ ಪ್ರಕರಣದಲ್ಲಿ (1961) ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಸರ್ಕಾರವೂ ಸಹ ಸ್ವಾಧೀನದಲ್ಲಿರುವವರನ್ನು ಕಾರ್ಯಾಂಗದ ಆದೇಶದಿಂದ ಬಲವಂತವಾಗಿ ಹೊರಹಾಕುವಂತಿಲ್ಲ ಎಂದು ತೀರ್ಪಿತ್ತಿತು.

ಕರ್ನಾಟಕಕ್ಕೆ ಸಂಬಂಧಿಸಿದಂತೆ ಎರಡು ತೀರ್ಪುಗಳನ್ನು ಗಮನಿಸಬೇಕು. ಪಾಟೀಲ್ ಎಕ್ಸಿಬಿಟರ್ಸ್ ಮತ್ತು ಬೆಂಗಳೂರು ನಗರ ಪಾಲಿಕೆಯ ನಡುವಣ ಪ್ರಕರಣದಲ್ಲಿ (1985) ಕರ್ನಾಟಕ ಉಚ್ಚ ನ್ಯಾಯಾಲಯವು, ಗುತ್ತಿಗೆಯ ಅವಧಿ ಮುಗಿದ ಮೇಲೂ ಗುತ್ತಿಗೆದಾರನ ಸ್ವಾಧೀನಕ್ಕೆ ಕಾನೂನಿನ ರಕ್ಷಣೆಯಿದೆ, ಮಾಲೀಕ ಎಷ್ಟೇ ಪ್ರಬಲ ಹಕ್ಕು ಹೊಂದಿದ್ದರೂ ನ್ಯಾಯಾಲಯದ ಮಾರ್ಗವನ್ನು ಬಿಟ್ಟು ಆತನನ್ನು ತೆರವುಗೊಳಿಸುವಂತಿಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಕರ್ನಾಟಕದಿಂದಲೇ ಹೋದ ರಾಮೇಗೌಡ ಮತ್ತು ವರದಪ್ಪ ನಾಯ್ಡು ಪ್ರಕರಣದಲ್ಲಿ (2003) ಸರ್ವೋಚ್ಚ ನ್ಯಾಯಾಲಯವು “ನೆಲೆಗೊಂಡ ಸ್ವಾಧೀನ”ದ ಲಕ್ಷಣಗಳನ್ನು ವಿವರಿಸಿತು. ಅದು ನೆರೆಹೊರೆಯ ಭೂಮಾಲೀಕರ ವ್ಯಾಜ್ಯವಾಗಿದ್ದರೂ ಅದರ ತತ್ತ್ವ ವ್ಯಾಪಕವಾದುದು. ಸ್ವಾಧೀನವು ಬಹಿರಂಗವಾಗಿ, ಸಾಕಷ್ಟು ಕಾಲ, ಮಾಲೀಕರ ತಿಳಿವಳಿಕೆಯಲ್ಲಿ ಇದ್ದರೆ ಅದಕ್ಕೆ ರಕ್ಷಣೆ ಉಂಟು. ಆದರೆ ಒಮ್ಮೆ ಬಂದು ಹೋಗುವ ಅತಿಕ್ರಮಣಕ್ಕೆ ಅಂತಹ ರಕ್ಷಣೆಯಿಲ್ಲ. ಮಾಲೀಕರ ಪರವಾಗಿ ಇರುವ ಕಾವಲುಗಾರ, ಸೇವಕ ಅಥವಾ ಪ್ರತಿನಿಧಿಯ ಇರುವಿಕೆಯನ್ನು ಆತನ ಸ್ವಂತ ಸ್ವಾಧೀನವೆಂದು ಪರಿಗಣಿಸಲಾಗುವುದಿಲ್ಲ. ಬಾಡಿಗೆದಾರನ ಸ್ಥಾನ ಕಾವಲುಗಾರನ ಸ್ಥಾನಕ್ಕಿಂತ ಭಿನ್ನವೆಂಬುದನ್ನು ಮಾಲೀಕರು ಮರೆಯಬಾರದು.

ಪೊಲೀಸರು ಸ್ಥಳಕ್ಕೆ ಬಂದಾಗ

ಸ್ಥಳಕ್ಕೆ ಬಂದ ಪೊಲೀಸರ ಪ್ರಥಮ ಕರ್ತವ್ಯ ಶಾಂತಿಪಾಲನೆ. ಮಳಿಗೆ ಯಾರಿಗೆ ಸೇರಬೇಕು, ಬಾಡಿಗೆ ಎಷ್ಟು ಬಾಕಿ ಎಂಬುದರ ನಿರ್ಣಯ ಅವರ ಕೆಲಸವಲ್ಲ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕೆಳಗಿನ ಪ್ರಕರಣಗಳು ಇಲ್ಲಿ ಮುಖ್ಯವಾಗುತ್ತವೆ.

(1) 168ನೆಯ ಪ್ರಕರಣ: ಸಂಜ್ಞೇಯ ಅಪರಾಧ ನಡೆಯದಂತೆ ತಡೆಯಲು ಪೊಲೀಸ್ ಅಧಿಕಾರಿ ಮಧ್ಯೆ ಪ್ರವೇಶಿಸಬಹುದು.

(2) 170ನೆಯ ಪ್ರಕರಣ: ಸಂಜ್ಞೇಯ ಅಪರಾಧ ಎಸಗುವ ಸಂಚು ತಿಳಿದುಬಂದು, ಬೇರೆ ರೀತಿಯಲ್ಲಿ ಅದನ್ನು ತಡೆಯಲಾಗದಿದ್ದರೆ ಮಾತ್ರ ಮುನ್ನೆಚ್ಚರಿಕೆಯ ಬಂಧನ ಮಾಡಬಹುದು. ಬೇರಾವ ಕಾನೂನಿನ ಮೇರೆಗೂ ಅಗತ್ಯವಿಲ್ಲದಿದ್ದಲ್ಲಿ ಈ ಬಂಧನ 24 ಗಂಟೆಗಳನ್ನು ಮೀರುವಂತಿಲ್ಲ.

(3) 172ನೆಯ ಪ್ರಕರಣ: ಇಂತಹ ಕರ್ತವ್ಯದಲ್ಲಿರುವ ಪೊಲೀಸರ ನ್ಯಾಯಸಮ್ಮತ ನಿರ್ದೇಶನವನ್ನು ಎಲ್ಲರೂ ಪಾಲಿಸಬೇಕು, ಪ್ರತಿರೋಧಿಸುವವರನ್ನು ಸ್ಥಳದಿಂದ ತೆರವುಗೊಳಿಸುವ ಅಧಿಕಾರ ಪೊಲೀಸರಿಗಿದೆ.

ನಿದರ್ಶನದಲ್ಲಿ ಪೊಲೀಸರು ಸಲಾಕೆಯನ್ನು ಕೆಳಗಿಡಿಸಿ, ಇಬ್ಬರನ್ನೂ ದೂರ ಸರಿಸಿ, ಗಾಯಗೊಂಡವರನ್ನು ಆಸ್ಪತ್ರೆಗೆ ಕಳುಹಿಸುವುದು ಸರಿಯಾದ ಕ್ರಮ. ಈ ಹಂತದಲ್ಲಿ ಗಾಯದ ಪ್ರಮಾಣಪತ್ರ, ಬೀಗ ಬಿದ್ದ ಬಾಗಿಲಿನ ಛಾಯಾಚಿತ್ರ, ಕರೆ ಮಾಡಿದ ಸಮಯ ಇವೆಲ್ಲ ಮುಂದೆ ಸಾಕ್ಷ್ಯವಾಗುತ್ತವೆ. ಮೊಬೈಲಿನಲ್ಲಿ ತೆಗೆದ ದೃಶ್ಯವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದಂತೆ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಮೂಲ ದೃಶ್ಯವನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಯಾವುದು ಸಿವಿಲ್, ಯಾವುದು ಅಪರಾಧ?

ಬಾಡಿಗೆ ಬಾಕಿ, ಠೇವಣಿ ವಾಪಸಾತಿ, ಬಾಡಿಗೆ ಹೆಚ್ಚಳ, ತೆರವು ಇವು ಸಾಮಾನ್ಯವಾಗಿ ಸಿವಿಲ್ ವಿಷಯಗಳು. ಇವುಗಳ ಬಗ್ಗೆ ದೂರು ಬಂದಾಗ ನ್ಯಾಯಾಲಯಕ್ಕೆ ಹೋಗುವಂತೆ ಹಿಂಬರಹ ನೀಡುವುದು ಪೊಲೀಸರ ಕರ್ತವ್ಯಲೋಪವಲ್ಲ. ಆದರೆ ಒಂದೇ ಜಗಳದಲ್ಲಿ ಸಿವಿಲ್ ಅಂಶವೂ ಅಪರಾಧದ ಅಂಶವೂ ಬೆರೆತಿರಬಹುದು. ಸಿವಿಲ್ ವ್ಯಾಜ್ಯವಿದೆ ಎಂಬ ಕಾರಣಕ್ಕೆ ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕಾರ ನಿದರ್ಶನದ ಘಟನೆಯನ್ನು ಹೀಗೆ ವಿಂಗಡಿಸಬಹುದು. ಹೋಗುವ ಹಕ್ಕಿರುವ ಕಡೆಗೆ ಹೋಗದಂತೆ ವ್ಯಕ್ತಿಯನ್ನು ಅಡ್ಡಗಟ್ಟುವುದು 126ನೆಯ ಪ್ರಕರಣದ ಅಕ್ರಮ ತಡೆಯಾಗಬಹುದು; ಇದು ಸಂಜ್ಞೇಯ, ಅಂದರೆ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಿ ತನಿಖೆ ನಡೆಸಬಹುದಾದ ಅಪರಾಧ. ಬೆದರಿಸುವ ಅಥವಾ ಕಿರುಕುಳ ನೀಡುವ ಉದ್ದೇಶದಿಂದ ಬಾಡಿಗೆದಾರರ ಸ್ವಾಧೀನದ ಮಳಿಗೆಯೊಳಗೆ ನುಗ್ಗಿದ್ದರೆ 329ನೆಯ ಪ್ರಕರಣದ ಅತಿಕ್ರಮ ಪ್ರವೇಶವಾಗಬಹುದು, ಅದೂ ಸಂಜ್ಞೇಯವೇ. ತಳ್ಳಿ ಸಾಮಾನ್ಯ ಗಾಯ ಮಾಡುವುದು 115(2)ನೆಯ ಪ್ರಕರಣದ ವ್ಯಾಪ್ತಿಗೂ, ಶಾಂತಿಭಂಗಕ್ಕೆ ಕೆರಳಿಸುವಂತೆ ಬೈಯುವುದು 352ನೆಯ ಪ್ರಕರಣದ ವ್ಯಾಪ್ತಿಗೂ ಬರುತ್ತದೆ, ಇವೆರಡೂ ಅಸಂಜ್ಞೇಯ. ಬಾಡಿಗೆದಾರರು ಸಲಾಕೆ ಹಿಡಿದು ಬೆದರಿಸಿದ್ದರೆ ಅವರ ಮೇಲೂ ದೂರು ಬರಬಹುದು. ಅಂದರೆ ಕೋಪದ ಹತ್ತು ನಿಮಿಷಗಳಲ್ಲಿ ಇಬ್ಬರೂ ಆರೋಪಿಗಳ ಸ್ಥಾನದಲ್ಲಿ ನಿಲ್ಲುವ ಸಂಭವವಿದೆ.

ಅಸಂಜ್ಞೇಯ ಅಪರಾಧವಾದರೆ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಪ್ರಕರಣದಂತೆ ಠಾಣಾಧಿಕಾರಿ ಮಾಹಿತಿಯ ಸಾರಾಂಶವನ್ನು ನಿಗದಿತ ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ದಂಡಾಧಿಕಾರಿಗಳ ಬಳಿಗೆ ಕಳುಹಿಸಬೇಕು. ದಂಡಾಧಿಕಾರಿಗಳ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಆದರೆ ಹಲವು ಅಪರಾಧಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಪರಿಗಣಿಸಬೇಕು.

ದೂರು ಸ್ವೀಕರಿಸದಿದ್ದರೆ

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ (2013) ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ವಾಣಿಜ್ಯ ಸ್ವರೂಪದ ಅಪರಾಧಗಳಂತಹ ಕೆಲವು ವರ್ಗಗಳಲ್ಲಿ, ಸಂಜ್ಞೇಯ ಅಪರಾಧ ನಡೆದಿದೆಯೇ ಎಂಬುದನ್ನು ತಿಳಿಯುವಷ್ಟಕ್ಕೆ ಸೀಮಿತವಾದ ಪ್ರಾಥಮಿಕ ವಿಚಾರಣೆಗೆ ಅದೇ ತೀರ್ಪು ಅವಕಾಶ ನೀಡಿದೆ. ಸಂಹಿತೆಯ 173ನೆಯ ಪ್ರಕರಣದಂತೆ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿಯೂ ನೀಡಬಹುದು. ಮೂರು ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ದೂರುದಾರರಿಗಿದೆ. ಠಾಣಾಧಿಕಾರಿ ನಿರಾಕರಿಸಿದರೆ ಮೇಲಧಿಕಾರಿಗೆ ಅಂಚೆಯ ಮೂಲಕ ಲಿಖಿತ ದೂರು ಕಳುಹಿಸಿ, ಅಲ್ಲಿಯೂ ಫಲ ದೊರೆಯದಿದ್ದರೆ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆ ಇರುವುದರಿಂದ ಇಂತಹ ದೂರನ್ನು ಆಯುಕ್ತರ ಕಚೇರಿಗೆ ಸಲ್ಲಿಸುವುದು ರೂಢಿ.

ಪ್ರಕರಣ ದಾಖಲಾಯಿತೆಂದ ಮಾತ್ರಕ್ಕೆ ಎದುರಾಳಿಯ ಬಂಧನ ಆಗಲೇಬೇಕೆಂದಿಲ್ಲ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವನ್ನು ಕಾರಣ ಸಹಿತ ದಾಖಲಿಸಬೇಕು. ಅಗತ್ಯವಿಲ್ಲದಿದ್ದರೆ 35(3)ನೆಯ ಪ್ರಕರಣದಂತೆ ಹಾಜರಾಗಲು ನೋಟೀಸು ನೀಡಬೇಕು. “ಒಂದು ರಾತ್ರಿ ಒಳಗೆ ಹಾಕಿಸಿದರೆ ಖಾಲಿ ಮಾಡುತ್ತಾನೆ” ಎಂಬ ಲೆಕ್ಕಾಚಾರಕ್ಕೆ ಕಾನೂನಿನಲ್ಲಿ ಆಸ್ಪದವಿಲ್ಲ.

ಪೊಲೀಸರು ಮಾಡುವಂತಿಲ್ಲದ ಕಾರ್ಯಗಳು

ವ್ಯಾಪಾರಸ್ಥರು ಮುಖ್ಯವಾಗಿ ತಿಳಿದಿರಬೇಕಾದ ಭಾಗ ಇದು. ಮಳಿಗೆ ಖಾಲಿ ಮಾಡಲು ಗಡುವು ವಿಧಿಸುವುದು, ಬಾಡಿಗೆ ಬಾಕಿಯನ್ನು ಠಾಣೆಯಲ್ಲಿ ವಸೂಲು ಮಾಡಿಸುವುದು, “ಇಂಥ ದಿನ ಬಿಟ್ಟುಕೊಡುತ್ತೇನೆ” ಎಂಬ ಮುಚ್ಚಳಿಕೆಗೆ ಒತ್ತಾಯದಿಂದ ಸಹಿ ಹಾಕಿಸುವುದು ಪೊಲೀಸರ ಅಧಿಕಾರಕ್ಕೆ ಹೊರತಾದುದು. ಒತ್ತಾಯದಿಂದ ಪಡೆದ ಒಪ್ಪಿಗೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದುದರಿಂದ ಅದರಿಂದ ಮಾಲೀಕರಿಗೂ ಶಾಶ್ವತ ಪ್ರಯೋಜನವಿಲ್ಲ.

ಮತ್ತೊಂದು ಪ್ರಶ್ನೆ ಬೀಗದ ಕೈಯದು. ಜಗಳ ತಣಿಯಲೆಂದು ಕೀಲಿಕೈಯನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತೆ ಉಭಯ ಪಕ್ಷದವರೇ ಕೋರುವುದುಂಟು. ಆದರೆ ನೆವಾಡಾ ಪ್ರಾಪರ್ಟೀಸ್ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯವು, ತನಿಖೆಯ ವೇಳೆ ಸ್ವತ್ತನ್ನು ವಶಪಡಿಸಿಕೊಳ್ಳುವ ಪೊಲೀಸರ ಅಧಿಕಾರ ಸ್ಥಿರಾಸ್ತಿಗೆ ವಿಸ್ತರಿಸುವುದಿಲ್ಲ ಎಂದು ತೀರ್ಮಾನಿಸಿದೆ. ಆದ್ದರಿಂದ ಮಳಿಗೆಗೆ ಮೊಹರು ಹಾಕುವುದಾಗಲಿ, ಅದನ್ನು ಅನಿರ್ದಿಷ್ಟ ಕಾಲ ಮುಚ್ಚಿಡುವುದಾಗಲಿ ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದೆ ಸಾಧುವಲ್ಲ. ಬಾಡಿಗೆದಾರರು ಕೀಲಿಕೈಯನ್ನು ಸ್ವಯಂ ಒಪ್ಪಿಸಿದರೆ ಅದನ್ನೇ “ಸ್ವಾಧೀನ ಬಿಟ್ಟುಕೊಟ್ಟರು” ಎಂದು ವಾದಿಸುವ ಅವಕಾಶ ಎದುರು ಪಕ್ಷಕ್ಕೆ ದೊರೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಶಾಂತಿಭಂಗದ ಭೀತಿ ಮುಂದುವರಿದರೆ

ಕಲಹ ಒಂದು ದಿನಕ್ಕೆ ಮುಗಿಯದೆ ಮರುಕಳಿಸುವ ಲಕ್ಷಣವಿದ್ದರೆ ಪೊಲೀಸರು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರದಿ ಸಲ್ಲಿಸಬಹುದು. 126ನೆಯ ಪ್ರಕರಣದಂತೆ ಶಾಂತಿಪಾಲನೆಗೆ ಮುಚ್ಚಳಿಕೆ ಪಡೆಯುವ ಕ್ರಮವನ್ನು ಅಲ್ಲಿ ಜರುಗಿಸಲಾಗುತ್ತದೆ. ಸ್ಥಿರಾಸ್ತಿಯ ಸ್ವಾಧೀನದ ಕುರಿತೇ ಶಾಂತಿಭಂಗದ ಸಂಭವವಿದ್ದರೆ 164ನೆಯ ಪ್ರಕರಣ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 145ನೆಯ ಪ್ರಕರಣ, ಅನ್ವಯಿಸುತ್ತದೆ. ದಂಡಾಧಿಕಾರಿಗಳು ಒಡೆತನದ ಪ್ರಶ್ನೆಗೆ ಹೋಗದೆ, ವಾಸ್ತವವಾಗಿ ಸ್ವಾಧೀನ ಯಾರದಾಗಿತ್ತು ಎಂಬುದನ್ನಷ್ಟೇ ನಿರ್ಧರಿಸುತ್ತಾರೆ. ವರದಿಗೆ ಹಿಂದಿನ ಎರಡು ತಿಂಗಳೊಳಗೆ ಬಲವಂತವಾಗಿ ಹೊರಹಾಕಲ್ಪಟ್ಟವರನ್ನು ಸ್ವಾಧೀನದಲ್ಲಿದ್ದವರಂತೆಯೇ ಪರಿಗಣಿಸಬಹುದು. ಆದುದರಿಂದ ತಡಮಾಡದೆ ದೂರು ನೀಡುವುದು ಅವಶ್ಯಕ. ತುರ್ತು ಸಂದರ್ಭದಲ್ಲಿ ಅಥವಾ ಸ್ವಾಧೀನ ಯಾರದೆಂದು ನಿರ್ಧರಿಸಲಾಗದಿದ್ದಾಗ 165ನೆಯ ಪ್ರಕರಣದಂತೆ ಮಳಿಗೆಯನ್ನು ಜಪ್ತಿ ಮಾಡುವ ಅಧಿಕಾರವೂ ಇವರಿಗಿದೆ. ಆದರೆ ಸ್ವಾಧೀನದ ಪ್ರಶ್ನೆ ಸಿವಿಲ್ ನ್ಯಾಯಾಲಯದ ಮುಂದೆ ಈಗಾಗಲೇ ಇದ್ದರೆ ಇಂತಹ ಸಮಾನಾಂತರ ನಡವಳಿಗಳು ಮುಂದುವರಿಯಬಾರದೆಂದು ರಾಮ್ ಸುಮೇರ್ ಪುರಿ ಮಹಂತ್ ಪ್ರಕರಣದಲ್ಲಿ (1985) ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಬಾಡಿಗೆದಾರರಿಗೆ ಇರುವ ಪರಿಹಾರ

ಸ್ವಾಧೀನ ಇನ್ನೂ ಕೈಯಲ್ಲಿದ್ದು ಬಲವಂತದ ತೆರವಿನ ಭೀತಿ ಇದ್ದರೆ ಸಿವಿಲ್ ನ್ಯಾಯಾಲಯದಲ್ಲಿ ನಿರ್ಬಂಧಕಾಜ್ಞೆಯ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೋರಬಹುದು. ತಡೆಯಾಜ್ಞೆ ದೊರೆತ ಮೇಲೆ ಅದರ ಪಾಲನೆಗಾಗಿ ಪೊಲೀಸ್ ನೆರವನ್ನು ನ್ಯಾಯಾಲಯದ ಮೂಲಕ ಪಡೆಯಬಹುದು. ಸ್ವಾಧೀನ ಈಗಾಗಲೇ ತಪ್ಪಿದ್ದರೆ ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ಸ್ವಾಧೀನ ಮರಳಿ ಪಡೆಯುವ ದಾವೆ ಹೂಡಬಹುದು. ಈ ದಾವೆಯಲ್ಲಿ ಒಡೆತನದ ಪ್ರಶ್ನೆ ಬರುವುದಿಲ್ಲ. ಸ್ವಾಧೀನವಿತ್ತೇ, ಒಪ್ಪಿಗೆಯಿಲ್ಲದೆ ಕಾನೂನುಬಾಹಿರವಾಗಿ ಅದು ತಪ್ಪಿತೇ ಎಂಬುದಷ್ಟೇ ಪ್ರಶ್ನೆ. ಇದರ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಆರು ತಿಂಗಳ ಗಡುವು ಮೀರಿದರೆ ಈ ಸರಳ ಮಾರ್ಗ ಮುಚ್ಚಿಹೋಗುತ್ತದೆ.

ಮಾಲೀಕರು ಬಾಡಿಗೆ ಸ್ವೀಕರಿಸಲು ನಿರಾಕರಿಸಿದರೆ ಬಾಡಿಗೆದಾರರು ಸುಮ್ಮನಿರಬಾರದು. ಬ್ಯಾಂಕ್ ಖಾತೆಗೆ ಜಮಾ ಮಾಡುವುದು ಅಥವಾ ಮನಿಯಾರ್ಡರ್ ಕಳುಹಿಸಿ ಅದು ಹಿಂತಿರುಗಿದ ದಾಖಲೆಯನ್ನು ಇಟ್ಟುಕೊಳ್ಳುವುದು ಕ್ಷೇಮಕರ. ಬಾಕಿ ಇಟ್ಟುಕೊಂಡು ನ್ಯಾಯಾಲಯದ ಮೆಟ್ಟಿಲೇರುವವರ ಕೈ ಎಂದಿಗೂ ದುರ್ಬಲವೇ.

ಮಾಲೀಕರಿಗೆ ಇರುವ ಪರಿಹಾರ

ಮಾಲೀಕರ ಅಳಲನ್ನು ಕಡೆಗಣಿಸುವಂತಿಲ್ಲ. ದಾವೆ ಎಷ್ಟು ಕಾಲ ಎಳೆಯುವುದೋ ಎಂಬ ಭಯವೇ ಹಲವರನ್ನು ಬೀಗದ ದಾರಿಗೆ ತಳ್ಳುತ್ತದೆ. ಆದರೂ ಕಾನೂನಿನ ದಾರಿ ಸ್ಪಷ್ಟವಾಗಿದೆ: 106ನೆಯ ಪ್ರಕರಣದ ನೋಟೀಸು, ನಂತರ ತೆರವು ಹಾಗೂ ಬಾಕಿ ವಸೂಲಿಗೆ ದಾವೆ, ಡಿಕ್ರಿಯಾದ ಮೇಲೆ ಅಮಲ್ಜಾರಿ ಅರ್ಜಿ. ಆ ಹಂತದಲ್ಲಿ ನ್ಯಾಯಾಲಯದ ಅಮೀನರು ಸ್ವಾಧೀನ ಕೊಡಿಸುತ್ತಾರೆ. ಪ್ರತಿರೋಧವಿದ್ದರೆ ನ್ಯಾಯಾಲಯದ ಆದೇಶದಂತೆ ಪೊಲೀಸರು ಜೊತೆಗಿರುತ್ತಾರೆ. ಪೊಲೀಸರು ತೆರವಿಗೆ ನೆರವಾಗಲು ಇದೇ ನ್ಯಾಯಸಮ್ಮತ ಸಂದರ್ಭ.

ಬಾಡಿಗೆ ಒಪ್ಪಂದ ಕೊನೆಗೊಂಡ ಮೇಲೂ ಮಳಿಗೆಯಲ್ಲಿ ಉಳಿದ ಅವಧಿಗೆ ನಷ್ಟ ಪರಿಹಾರವನ್ನು ಕೇಳಬಹುದು. ಆತ್ಮ ರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ (2004) ಸರ್ವೋಚ್ಚ ನ್ಯಾಯಾಲಯವು, ತೆರವಿನ ಡಿಕ್ರಿಗೆ ತಡೆ ಪಡೆದು ಮುಂದುವರಿಯುವ ಬಾಡಿಗೆದಾರರ ಮೇಲೆ ಹಳೆಯ ಬಾಡಿಗೆಯ ಬದಲು ಮಾರುಕಟ್ಟೆಯ ದರದಲ್ಲಿ ಪಾವತಿಸುವ ಷರತ್ತನ್ನು ವಿಧಿಸಬಹುದೆಂದು ಹೇಳಿದೆ. ಕೇವಲ ಕಾಲಹರಣಕ್ಕಾಗಿ ವ್ಯಾಜ್ಯ ನಡೆಸುವವರಿಗೆ ಇದು ಎಚ್ಚರಿಕೆ.

ನೀರು, ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಒತ್ತಡ ಹೇರುವುದೂ ಬೀಗ ಹಾಕುವುದಕ್ಕೆ ಸಮನಾದ ಕ್ರಮವೇ. ಬಾಡಿಗೆ ಅಧಿನಿಯಮ ಅನ್ವಯಿಸುವ ಕಟ್ಟಡಗಳಲ್ಲಿ ಅವಶ್ಯಕ ಸೇವೆಗಳನ್ನು ತಡೆಯುವುದರ ವಿರುದ್ಧ ಸ್ಪಷ್ಟ ಉಪಬಂಧವಿದೆ. ಇತರ ಕಟ್ಟಡಗಳಲ್ಲಿ ಸಿವಿಲ್ ನ್ಯಾಯಾಲಯದ ಮೂಲಕ ಪರಿಹಾರ ಪಡೆಯಬಹುದು.

ವ್ಯಾಪಾರ ಉದ್ದೇಶಕ್ಕೆ ಮಾತ್ರ ಬಳಸುವ ಸ್ಥಿರಾಸ್ತಿಯ ಒಪ್ಪಂದಗಳಿಂದ ಹುಟ್ಟಿದ, 3 ಲಕ್ಷ ರೂ.ಗಳಿಗೆ ಕಡಿಮೆಯಿಲ್ಲದ ಮೌಲ್ಯದ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ, 2015ರ ವ್ಯಾಪ್ತಿಗೆ ಬರಬಹುದು. ಅಲ್ಲಿ ತುರ್ತು ಮಧ್ಯಂತರ ಪರಿಹಾರ ಕೋರದಿದ್ದಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆಯ ಪ್ರಯತ್ನ ಕಡ್ಡಾಯ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಠಾಣೆಯಲ್ಲಿ ಬರೆದುಕೊಟ್ಟ ಚೀಟಿಗೆ ಆ ಬಲವಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ

ಭಾವಾವೇಶವನ್ನು ಬದಿಗಿಟ್ಟು ನಿದರ್ಶನದ ಅಂಕಿಗಳನ್ನು ನೋಡಬಹುದು. ಮೂರು ತಿಂಗಳ ಬಾಕಿ 66,000 ರೂ. ಮಾಲೀಕರ ಬಳಿ ಇರುವ ಠೇವಣಿ 2,00,000 ರೂ. ಬಾಕಿಯನ್ನು ಕಳೆದರೂ 1,34,000 ರೂ. ಉಳಿಯುತ್ತದೆ, ಇದು ಇನ್ನೂ ಆರು ತಿಂಗಳ ಬಾಡಿಗೆಗೆ ಸಾಕಾಗುತ್ತದೆ. ಅಂದರೆ ನೋಟೀಸು ನೀಡಿ ದಾವೆ ಹೂಡುವಷ್ಟು ಕಾಲಾವಕಾಶ ಮಾಲೀಕರಿಗೆ ಇದ್ದೇ ಇತ್ತು.

ಬಾಡಿಗೆದಾರರ ಕಡೆ, ಹಾಳಾಗುವ ದಾಸ್ತಾನು 18,000 ರೂ., ದಿನವೊಂದಕ್ಕೆ ಒಟ್ಟು ಲಾಭ 3,500 ರೂ. ಎಂದಿಟ್ಟುಕೊಂಡರೆ, 20 ದಿನ ಬೀಗ ಬಿದ್ದಾಗ ಆಗುವ ನಷ್ಟ 70,000 ಹಾಗೂ 18,000 ಸೇರಿ 88,000 ರೂ. ಇಬ್ಬರು ಕೆಲಸಗಾರರ ಸಂಬಳ, ಸಾಲದ ಬಡ್ಡಿ ಈ ಅವಧಿಯಲ್ಲೂ ನಿಲ್ಲುವುದಿಲ್ಲ. ಅವನ್ನು ಭರಿಸಬೇಕಾದುದು ಕೈತಪ್ಪಿದ ಆ ಲಾಭದಿಂದಲೇ. 66,000 ರೂ. ವಸೂಲಿಗೆಂದು ಹಾಕಿದ ಬೀಗ 88,000 ರೂ. ಪರಿಹಾರದ ಬೇಡಿಕೆಯನ್ನು ಮಾಲೀಕರ ಮೇಲೆಯೇ ತಂದಿತು. ಇದರ ಜೊತೆಗೆ ಬೀಗ ಬಿದ್ದ ದಿನಗಳ ಬಾಡಿಗೆ ಕೇಳುವ ಹಕ್ಕೂ ದುರ್ಬಲವಾಗುತ್ತದೆ.

ಬೀಗದ ಒಳಗೆ ತಿನಿಸಿನ ದಾಸ್ತಾನು ಮಾತ್ರವಲ್ಲ, ಲೆಕ್ಕದ ಪುಸ್ತಕಗಳು, ಗಣಕಯಂತ್ರ, ಬಿಲ್ಲುಗಳೂ ಇರುತ್ತವೆ. ಅಂಗಡಿಗೆ ಬೀಗ ಬಿದ್ದಿದೆ ಎಂಬ ಕಾರಣಕ್ಕೆ ಜಿಎಸ್‌ಟಿ ರಿಟರ್ನಿನ ಗಡುವು ತಾನಾಗಿ ಮುಂದೂಡಲ್ಪಡುವುದಿಲ್ಲ. ಆದ್ದರಿಂದ ಲೆಕ್ಕದ ಪ್ರತಿಯೊಂದನ್ನು ಅಂಗಡಿಯ ಹೊರಗೂ ಸುರಕ್ಷಿತವಾಗಿಡುವ ಅಭ್ಯಾಸ ಒಳ್ಳೆಯದು. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆದಿದ್ದರೆ ಬೀಗ ಬಿದ್ದ ಸಂಗತಿಯನ್ನು ಬ್ಯಾಂಕಿಗೂ ವಿಮಾ ಕಂಪನಿಗೂ ಕೂಡಲೇ ಲಿಖಿತವಾಗಿ ತಿಳಿಸಬೇಕು. ವ್ಯಾಪಾರದ ಮುಖ್ಯ ಸ್ಥಳ ನಿಜವಾಗಿಯೂ ಬದಲಾದರೆ 15 ದಿನಗಳೊಳಗೆ ನೋಂದಣಿಯಲ್ಲಿ ತಿದ್ದುಪಡಿ ಕೋರಬೇಕು. ಆದರೆ ಸ್ವಾಧೀನದ ವ್ಯಾಜ್ಯ ನಡೆಯುತ್ತಿರುವಾಗ ವಕೀಲರನ್ನು ಕೇಳದೆ “ಸ್ಥಳ ಬಿಟ್ಟಿದ್ದೇನೆ” ಎಂದು ಬರೆದುಕೊಟ್ಟರೆ ಆ ಹೇಳಿಕೆ ದಾವೆಯಲ್ಲಿ ತಿರುಗುಬಾಣವಾಗಬಹುದು.

ದಿನಾಂಕ 10-10-2024ರಿಂದ, ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿ ಆ ಬಾಡಿಗೆಯ ಮೇಲಿನ ಶೇ. 18ರ ತೆರಿಗೆಯನ್ನು ತಾನೇ ಪಾವತಿಸಬೇಕಾಗಿದೆ. ರಾಜಿ ತೆರಿಗೆ ಪದ್ಧತಿಯ ವ್ಯಾಪಾರಿಗಳನ್ನು 16-1-2025ರಿಂದ ಇದರಿಂದ ಹೊರಗಿಡಲಾಗಿದೆ. ನಿದರ್ಶನದ ಬಾಡಿಗೆಗೆ ಇದು ತಿಂಗಳಿಗೆ 3,960 ರೂ. ಆಗುತ್ತದೆ. ಹೀಗೆ ತಿಂಗಳು ತಿಂಗಳೂ ಸಲ್ಲಿಸಿದ ದಾಖಲೆ ಬಾಡಿಗೆ ಸಂಬಂಧ ನಿರಂತರವಾಗಿತ್ತೆಂಬುದಕ್ಕೆ ಪೂರಕವಾಗುತ್ತದೆ. ಆದರೆ ಇದು ಬಾಡಿಗೆದಾರರೇ ಸೃಷ್ಟಿಸಿದ ದಾಖಲೆ. ಮಾಲೀಕರ ಖಾತೆಗೆ ಬ್ಯಾಂಕ್ ಮೂಲಕ ಸಂದಾಯವಾದ ಬಾಡಿಗೆಯ ಸಾಕ್ಷ್ಯ ಇದಕ್ಕಿಂತ ಬಲವಾದುದು.

ಕರಾರು ಪತ್ರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ನೋಂದಣಿ ಕಡ್ಡಾಯ. ಸಾಕಷ್ಟು ಮುದ್ರಾಂಕ ಶುಲ್ಕ ಪಾವತಿಸದ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಕೊರತೆ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ತೆರಬೇಕಾಗುತ್ತದೆ. ಉಳಿಸಿದ ಕೆಲವು ನೂರು ರೂಪಾಯಿ ದಾವೆಯ ದಿನ ಸಾವಿರಗಳಾಗಿ ಹೊರಬರುತ್ತದೆ.

ಉಪಯುಕ್ತ ಸೂಚನೆಗಳು

(1) ಕರಾರಿನಲ್ಲಿ ಅವಧಿ, ಬಾಡಿಗೆ ಹೆಚ್ಚಳ, ಠೇವಣಿ ಮರಳಿಸುವ ದಿನ, ನೋಟೀಸಿನ ವಿಳಾಸ ಇವುಗಳನ್ನು ಸ್ಪಷ್ಟವಾಗಿ ನಮೂದಿಸಬೇಕು.

(2) ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣ ಅಥವಾ ತೆರವಿನ ಬಗ್ಗೆ ಲಿಖಿತ ಪತ್ರ ವ್ಯವಹಾರ ನಡೆಯಬೇಕು.

(3) ನಗದು ಬಾಡಿಗೆಯನ್ನು ತಪ್ಪಿಸಿ ಬ್ಯಾಂಕ್ ಮೂಲಕವೇ ಪಾವತಿಸಬೇಕು.

(4) ಬೀಗ ಬಿದ್ದರೆ ಒಡೆಯಬಾರದು. ಛಾಯಾಚಿತ್ರ ತೆಗೆದು, 112ಕ್ಕೆ ಕರೆ ಮಾಡಿ, ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಹಿಂಬರಹ ನೀಡಿದರೆ ಅದನ್ನೂ ಜೋಪಾನವಾಗಿಡಬೇಕು. ನ್ಯಾಯಾಲಯದಲ್ಲಿ ಅದು ಘಟನೆಯ ದಿನಾಂಕಕ್ಕೆ ಸಾಕ್ಷಿಯಾಗುತ್ತದೆ.

(5) ದೂರಿನಲ್ಲಿ ಬಾಡಿಗೆಯ ಇತಿಹಾಸಕ್ಕಿಂತ ಆ ದಿನ ನಡೆದುದನ್ನು ಮೊದಲು ಬರೆಯಬೇಕು: ಯಾರು, ಯಾವಾಗ, ಎಲ್ಲಿ, ಏನು ಮಾಡಿದರು. ಹಳೆಯ ಲೆಕ್ಕದಿಂದಲೇ ಆರಂಭವಾದ ದೂರು ಸಿವಿಲ್ ವ್ಯಾಜ್ಯವೆಂದು ಪಕ್ಕಕ್ಕೆ ಸರಿಯುವ ಸಂಭವ ಹೆಚ್ಚು.

(6) ಉತ್ಪ್ರೇಕ್ಷೆ ಸಲ್ಲದು. ನಡೆಯದ ಹಲ್ಲೆಯನ್ನು ಸೇರಿಸಿದ ದೂರು ನಡೆದ ಹಲ್ಲೆಯನ್ನೂ ನಂಬಲಾಗದಂತೆ ಮಾಡುತ್ತದೆ.

ಉಪಸಂಹಾರ

ನಿದರ್ಶನದ ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಒಬ್ಬರಿಗೆ ಮಗನ ಭವಿಷ್ಯದ ಚಿಂತೆ, ಇನ್ನೊಬ್ಬರಿಗೆ ಬೆಳಗಿನ ವ್ಯಾಪಾರದ ಚಿಂತೆ. ಇಬ್ಬರಿಗೂ ಕಾನೂನಿನಲ್ಲಿ ದಾರಿಯಿತ್ತು; ಇಬ್ಬರೂ ಕೋಪದ ಭರದಲ್ಲಿ ಅದನ್ನು ಬಿಟ್ಟರು. ಒಟ್ಟಿನಲ್ಲಿ ಹೇಳುವುದಾದರೆ, ಪೊಲೀಸರು ಜಗಳವನ್ನು ನಿಲ್ಲಿಸಬಲ್ಲರು, ಅಪರಾಧ ನಡೆದಿದ್ದರೆ ದಾಖಲಿಸಬಲ್ಲರು. ಮಳಿಗೆ ಯಾರದೆಂದು ತೀರ್ಮಾನಿಸಲಾರರು. ಆ ತೀರ್ಮಾನ ಇರುವುದು ನ್ಯಾಯಾಲಯದಲ್ಲಿ ಅಥವಾ ಇಬ್ಬರೂ ಕುಳಿತು ಮಾಡಿಕೊಳ್ಳುವ ಲಿಖಿತ ರಾಜಿಯಲ್ಲಿ. ಬೀಗಕ್ಕೆ ಕೈ ಹಾಕುವ ಮೊದಲು ಮಾಲೀಕರು ಒಂದು ನೋಟೀಸನ್ನು, ಸಲಾಕೆಗೆ ಕೈ ಹಾಕುವ ಮೊದಲು ಬಾಡಿಗೆದಾರರು ಒಂದು ದೂರನ್ನು ಬರೆಯುವುದೇ ಉಭಯತರಿಗೂ ಕಡಿಮೆ ವೆಚ್ಚದ ಮಾರ್ಗ.